ಜವಾಬ್ದಾರಿಯ ಒತ್ತು

ಮಗಳ ಶಾಲೆಯಲ್ಲಿ ಪೋಷಕರ ಸಭೆ. ಎಲ್ಲರೂ ಒಂದು ಇಂಗ್ಲಿಷ್ ಹಾಳೆಯನ್ನು ಗಟ್ಟಿಯಾಗಿ ಓದಿ ಸಹಿ ಹಾಕಬೇಕಿತ್ತು. ನಮ್ಮ ಸರದಿ ಬಂದಾಗ 'ರೆಸ್ಪಾನ್ಸಿಬಿಲಿಟಿ' ಎಂಬ ಪದ ಎದುರಾಯಿತು. ರೆ, ಸ್ಪಾನ್, ಸಿ, ಬಿ, ಲಿ, ಟಿ ಎಂದು ಆರಕ್ಕೂ ಸಮನಾದ ತೂಕ ಕೊಟ್ಟು ಓದಿದೆವು. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಮಗಳು ತಲೆ ತಗ್ಗಿಸಿದಳು. ಫೀಸಿನ ಬಗ್ಗೆ ಕೇಳಬೇಕೆಂದುಕೊಂಡಿದ್ದ ಮಾತು ಗಂಟಲಲ್ಲೇ ಉಳಿಯಿತು. ಸುಮ್ಮನೆ ಸಹಿ ಹಾಕಿ ಬಂದೆವು.

ನಾವು ಗಂಡ ಹೆಂಡತಿ ಇಬ್ಬರೂ ಉರ್ದು ಶಾಲೆಯಲ್ಲಿ ಅಲಿಫ್, ಬೇ ತಿದ್ದಿ ಆಮೇಲೆ ಕನ್ನಡ ಶಾಲೆಗೆ ಹೋದವರು. ಕನ್ನಡದಲ್ಲಿ ಹ್ರಸ್ವ, ದೀರ್ಘ ತಪ್ಪದಿದ್ದರೆ ಸಾಕು, ಓದು ದಡ ಸೇರುತ್ತದೆ. ಇಂಗ್ಲಿಷಿನಲ್ಲಿ ಹಾಗಲ್ಲ. ಉದ್ದ ಪದದ ಒಂದು ಕಡೆ ಒತ್ತು ಬಿದ್ದರೆ ಉಳಿದ ಸ್ವರಗಳು ಕುಗ್ಗಿ ದಾರಿ ಬಿಡುತ್ತವೆ.

ಆ ರಾತ್ರಿ ಮಗಳೇ ನಿಘಂಟು ತೆರೆದಳು. "ಅಬ್ಬಾ, ಈ ಸಣ್ಣ ಗೆರೆ ನೋಡಿ. ಇದರ ಮುಂದಿನದನ್ನು ಒತ್ತಿ ಹೇಳಬೇಕು" ಎಂದಳು. 'ರೆಸ್ಪಾಂಡ್' ಎಂದರೆ ಉತ್ತರ ಕೊಡು. ಒತ್ತು 'ಸ್ಪಾಂ' ಮೇಲೆ. 'ರೆಸ್ಪಾನ್ಸಿಬಲ್' ಆದಾಗಲೂ ಅಲ್ಲೇ. ಕೊನೆಗೆ 'ಇಟಿ' ಸೇರಿದ ಕೂಡಲೇ ಮುಖ್ಯ ಒತ್ತು ಅದರ ಹಿಂದಿನ 'ಬಿಲ್'ಗೆ ಜಾರುತ್ತದೆ. 'ಎಲೆಕ್ಟ್ರಿಕ್'ನಲ್ಲಿ 'ಲೆಕ್' ಮೇಲಿದ್ದದ್ದು 'ಎಲೆಕ್ಟ್ರಿಸಿಟಿ'ಯಲ್ಲಿ 'ಟ್ರಿ' ಮೇಲೆ ಬೀಳುವುದೂ ಹೀಗೆಯೇ.

ಪದವನ್ನು ಬಿಡಿಸುತ್ತಾ ಹೋದಂತೆ ಅದು ನಮಗೆ ಗುರುತಿನದೇ ಅನ್ನಿಸಿತು. ನಮ್ಮ 'ಜವಾಬ್ದಾರಿ' ಕೂಡ ಹೀಗೆಯೇ ಕಟ್ಟಿದ್ದಲ್ಲವೇ? ಅರಬಿಯ 'ಜವಾಬ್' ಎಂದರೆ ಉತ್ತರ. ಫಾರ್ಸಿಯ 'ದಾರ್' ಎಂದರೆ ಹೊಂದಿದವನು. ಅದಕ್ಕೆ 'ಈ' ಸೇರಿ ಗುಣದ ಹೆಸರಾಯಿತು. ಸಂಸ್ಕೃತದಿಂದ ಬಂದ 'ಉತ್ತರದಾಯಿತ್ವ'ದಲ್ಲೂ ಉತ್ತರವೇ ಬುಡ. ಲ್ಯಾಟಿನ್ ಮೂಲದ ಇಂಗ್ಲಿಷ್ ಪದವೂ ಅದನ್ನೇ ಹೇಳುತ್ತದೆ. ಉತ್ತರ ಕೊಡಬೇಕಾದವನೇ ಜವಾಬ್ದಾರ. ಹಾಗಿದ್ದರೆ ಆ ಹಾಳೆಗೆ ನಾವು ಸಹಿ ಹಾಕಿದಂತೆ ಶಾಲೆಯೂ ನಮಗೆ ಜವಾಬು ಕೊಡಬೇಕಲ್ಲವೇ? ಉಚ್ಚಾರ ತಪ್ಪಿತೆಂಬ ನಾಚಿಕೆಯಲ್ಲಿ ನಾವು ಕೇಳುವುದನ್ನೇ ಬಿಟ್ಟಿದ್ದೆವು.

ಮುಂದಿನ ಸಭೆಯಲ್ಲಿ ಎದ್ದು ನಿಂತು ಕನ್ನಡದಲ್ಲೇ ಕೇಳಿದೆವು. ಯಾರೂ ನಗಲಿಲ್ಲ. ಇನ್ನಿಬ್ಬರು ಪೋಷಕರು ದನಿಗೂಡಿಸಿದರು. ಉತ್ತರವೂ ಕನ್ನಡದಲ್ಲೇ ಬಂತು. ಫೀಸು ಕಡಿಮೆಯಾಗಲಿಲ್ಲ, ಎರಡು ಕಂತಿನಲ್ಲಿ ಕಟ್ಟಬಹುದೆಂದರು.

ದಾರಿಯಲ್ಲಿ ಮಗಳು ಕೈ ಹಿಡಿದು ನಡೆಯುತ್ತಾ, "ಒತ್ತು ಎಲ್ಲಿ ಹೇಳಿ ನೋಡೋಣ" ಎಂದಳು.

"ಬಿಲ್ ಮೇಲೆ" ಎಂದೆವು. ಫೀಸಿನ ರಸೀದಿ ಜೇಬಿನಲ್ಲೇ ಇತ್ತು. ಮೂವರೂ ನಕ್ಕೆವು.