ಮತಭೇದವಿದ್ದೂ ಮುರಿಯದ ಸ್ನೇಹ

ಕಥೆ ಕೇಳುವ ಹಂಬಲ ಮನುಷ್ಯನಿಗೆ ಸಹಜವಾದುದು. ಹಿಂದೆ ಅಜ್ಜಿಯ ಮಡಿಲಲ್ಲಿ, ಮಠದ ಪುರಾಣ ಪ್ರವಚನದಲ್ಲಿ ತಣಿಯುತ್ತಿದ್ದ ಆ ಹಂಬಲವನ್ನು ಈಗ ಬಹುಮಟ್ಟಿಗೆ ದೂರದರ್ಶನದ ಧಾರಾವಾಹಿಗಳು ತಣಿಸುತ್ತಿವೆ. ಅವುಗಳಲ್ಲಿ ಜೊಳ್ಳೇ ಹೆಚ್ಚೆಂಬುದು ಹಿರಿಯರ ದೂರು. ಆ ಮಾತಿನಲ್ಲಿ ಸತ್ಯಾಂಶವಿದ್ದರೂ ಜೊಳ್ಳಿನ ನಡುವೆ ಒಮ್ಮೊಮ್ಮೆ ಗಟ್ಟಿಕಾಳು ದೊರೆಯುವುದುಂಟು. ಪರದೇಶದ, ಪರಧರ್ಮದ ಪಾತ್ರಗಳಿರುವ ಒಂದು ಪತ್ತೇದಾರಿ ಧಾರಾವಾಹಿಯು ಸ್ನೇಹಧರ್ಮವನ್ನು ಕುರಿತು ನನ್ನಲ್ಲಿ ಮೂಡಿಸಿದ ಚಿಂತನೆಯನ್ನು ಓದುಗ ಬಂಧುಗಳ ಮುಂದಿಡಬಯಸುತ್ತೇನೆ.

ಅದರ ಹೆಸರು ‘ದಿ ಎಕ್ಸ್ ಫೈಲ್ಸ್’. ಕ್ರಿಸ್ ಕಾರ್ಟರ್ ಅವರು ರೂಪಿಸಿದ ಈ ಧಾರಾವಾಹಿಯು ಅಮೆರಿಕದ ಫಾಕ್ಸ್ ವಾಹಿನಿಯಲ್ಲಿ 1993ರ ಸೆಪ್ಟೆಂಬರ್ 10ರಂದು ಆರಂಭವಾಗಿ 2002ರವರೆಗೆ ನಡೆಯಿತು. ಮತ್ತೆ 2016 ಹಾಗೂ 2018ರಲ್ಲಿ ಮುಂದುವರಿದು ಒಟ್ಟು 218 ಕಂತುಗಳನ್ನು ಪೂರೈಸಿತು. ಉಪಗ್ರಹ ವಾಹಿನಿಗಳ ಮೂಲಕ ನಮ್ಮ ನಾಡಿನ ಮನೆಗಳಿಗೂ ಅದು ಬಂದಿತ್ತು. ಎಫ್.ಬಿ.ಐ. ಎಂಬ ತನಿಖಾ ಸಂಸ್ಥೆಯಲ್ಲಿ ಯಾವ ವಿವರಣೆಗೂ ದಕ್ಕದೆ ಉಳಿದ ಪ್ರಕರಣಗಳ ಕಡತಗಳಿಗೆ ಕಥೆಯಲ್ಲಿ ಈ ಹೆಸರು. ವಿಚಿತ್ರ ಜೀವಿಗಳು, ಅತೀಂದ್ರಿಯ ಶಕ್ತಿಗಳು, ಅನ್ಯಲೋಕದಿಂದ ಬಂದವರು ಇಲ್ಲಿ ಧಾರಾಳವಾಗಿ ಕಾಣಿಸಿಕೊಳ್ಳುತ್ತಾರೆ. ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಇಬ್ಬರು ತನಿಖಾಧಿಕಾರಿಗಳ ನಡುವಣ ಬಾಂಧವ್ಯ.

ಡೇವಿಡ್ ಡುಕೋವ್ನಿ ಅಭಿನಯಿಸಿದ ಮಲ್ಡರ್ ಮನಶ್ಶಾಸ್ತ್ರ ಬಲ್ಲವನು. ಅವನು ಬಾಲಕನಾಗಿದ್ದಾಗ, 1973ರಲ್ಲಿ, ತಂಗಿ ಸಮಾಂತಾ ಮನೆಯಿಂದಲೇ ಕಾಣೆಯಾದಳು. ಅನ್ಯಲೋಕದವರು ಅವಳನ್ನು ಒಯ್ದರೆಂದು ಅವನು ನಂಬಿದ್ದಾನೆ. ಗಿಲಿಯನ್ ಆಂಡರ್ಸನ್ ಅಭಿನಯಿಸಿದ ಸ್ಕಲಿ ವೈದ್ಯೆ. ಪುರಾವೆಯಿಲ್ಲದೆ ಏನನ್ನೂ ಒಪ್ಪದವಳು. ಮೇಲಧಿಕಾರಿಗಳು ಅವಳನ್ನು ಅವನೊಡನೆ ನೇಮಿಸಿದ್ದು, ಅವನ ಶೋಧನೆಗೆ ಬುಡವಿಲ್ಲವೆಂದು ವರದಿ ಬರೆಯಲಿ ಎಂಬ ಉದ್ದೇಶದಿಂದ. ಅವಳಾದರೋ ಕಂಡದ್ದನ್ನು ಕಂಡಂತೆ ಬರೆದಳು. ಅಧಿಕಾರಿಗಳಿಗಾಗಿ ಸುಳ್ಳು ಹೇಳಲಿಲ್ಲ, ಮಲ್ಡರನ ಮೆಚ್ಚುಗೆಗಾಗಿ ತನ್ನ ಸಂಶಯವನ್ನು ಮುಚ್ಚಿಡಲೂ ಇಲ್ಲ. ಅವರ ಸ್ನೇಹದ ಅಡಿಗಲ್ಲು ಈ ಪ್ರಾಮಾಣಿಕತೆಯೇ.

1994ರ ಜನವರಿಯಲ್ಲಿ ಪ್ರಸಾರವಾದ ಒಂದು ಕಂತಿನಲ್ಲಿ ಸ್ಕಲಿಯ ತಂದೆ ತೀರಿಕೊಳ್ಳುತ್ತಾರೆ. ನೌಕಾಪಡೆಯಲ್ಲಿದ್ದ ಆ ತಂದೆಗೆ ಮಗಳು ವೈದ್ಯವೃತ್ತಿಯನ್ನು ಬಿಟ್ಟದ್ದು ಸಮ್ಮತವಿರಲಿಲ್ಲ. ತನ್ನ ಬಗ್ಗೆ ಅವರಿಗೆ ಹೆಮ್ಮೆಯಿತ್ತೇ ಎಂಬ ಪ್ರಶ್ನೆ ಅವಳನ್ನು ಕೊರೆಯುತ್ತದೆ. ಮರಣದಂಡನೆಗೆ ಗುರಿಯಾದ ಒಬ್ಬ ಕೈದಿಯು ಸತ್ತವರ ಸಂದೇಶವನ್ನು ತಲುಪಿಸುವೆನೆಂದಾಗ ಸದಾ ಸಂಶಯಿಸುವ ಸ್ಕಲಿಯ ಮನಸ್ಸು ಅತ್ತ ವಾಲುತ್ತದೆ. ಸದಾ ನಂಬುವ ಮಲ್ಡರನೇ ಎಚ್ಚರಿಕೆ ಹೇಳುತ್ತಾನೆ. ಕೊನೆಯಲ್ಲಿ ಅವಳು ಆ ಸಂದೇಶ ಕೇಳಲು ಹೋಗದೆ, ಗಾಯಗೊಂಡು ಆಸ್ಪತ್ರೆಯಲ್ಲಿ ಮಲಗಿರುವ ಗೆಳೆಯನ ಬಳಿಗೆ ಬರುತ್ತಾಳೆ. ತಂದೆ ಏನು ಹೇಳುತ್ತಿದ್ದರೆಂಬುದು ತನಗೆ ತಿಳಿದಿದೆ ಎನ್ನುತ್ತಾಳೆ. ದುಃಖವು ಯಾರ ನಿಲುವನ್ನಾದರೂ ಅಲುಗಿಸಬಲ್ಲದು. ಆಗ ನಮ್ಮನ್ನು ಹಿಡಿದು ನಿಲ್ಲಿಸುವವನೇ ಮಿತ್ರ.

ಸ್ಕಲಿಯ ಕೊರಳಲ್ಲಿ ತಾಯಿ ಕೊಟ್ಟ ಪುಟ್ಟ ಶಿಲುಬೆಯೊಂದಿದೆ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಬಂದ ಕಂತುಗಳಲ್ಲಿ ಅವಳ ಅಪಹರಣವಾಗುತ್ತದೆ. ಮಲ್ಡರನಿಗೆ ದೊರೆಯುವುದು ಆ ಶಿಲುಬೆ ಮಾತ್ರ. ಅದನ್ನು ಆ ತಾಯಿಗೆ ಒಪ್ಪಿಸಹೋದರೆ ಆಕೆ ತೆಗೆದುಕೊಳ್ಳುವುದಿಲ್ಲ; ಮಗಳು ಸಿಕ್ಕಾಗ ನೀನೇ ಅವಳಿಗೆ ಕೊಡು ಎನ್ನುತ್ತಾಳೆ. ಆ ಧರ್ಮದಲ್ಲಿ ಅವನಿಗೆ ಶ್ರದ್ಧೆಯಿಲ್ಲ. ಆದರೂ ಗೆಳತಿಯ ಶ್ರದ್ಧೆಯ ಕುರುಹನ್ನು ತನ್ನ ಕೊರಳಲ್ಲಿ ಧರಿಸಿ ಕಾಯುತ್ತಾನೆ. ನವೆಂಬರ್‌ನಲ್ಲಿ ಅವಳು ಪ್ರಜ್ಞೆಯಿಲ್ಲದೆ ಆಸ್ಪತ್ರೆಯಲ್ಲಿ ಪತ್ತೆಯಾಗುತ್ತಾಳೆ. ಅವಳಿಗೆ ಕೇಡು ಬಗೆದವರು ಮಲ್ಡರನ ಮನೆಯನ್ನು ಶೋಧಿಸಲು ಬರುತ್ತಾರೆಂದೂ ಅಲ್ಲಿಯೇ ಅವರನ್ನು ಮುಗಿಸಬಹುದೆಂದೂ ಅವನಿಗೆ ಸುಳಿವು ಸಿಗುತ್ತದೆ. ಕತ್ತಲಲ್ಲಿ ಪಿಸ್ತೂಲು ಹಿಡಿದು ಕುಳಿತವನನ್ನು ಸ್ಕಲಿಯ ಅಕ್ಕ ಬಂದು ಎಚ್ಚರಿಸುತ್ತಾಳೆ. ಅವನು ಸೇಡಿನ ಅವಕಾಶವನ್ನು ಕೈಬಿಟ್ಟು ಗೆಳತಿಯ ಹಾಸಿಗೆಯ ಬಳಿ ಕೂರುತ್ತಾನೆ. ಅವಳು ಎಚ್ಚೆತ್ತಾಗ ಶಿಲುಬೆಯನ್ನು ಅವಳ ಕೈಗಿಡುತ್ತಾನೆ. ಆ ರಾತ್ರಿ ಅವನು ಗೆದ್ದದ್ದು ತನ್ನ ಕೋಪವನ್ನು.

1997ರ ಕಂತುಗಳಲ್ಲಿ ಸ್ಕಲಿಗೆ ಅರ್ಬುದ ರೋಗ ತಗಲುತ್ತದೆ. ಮಲ್ಡರನ ಮೇಲೆ ಕೊಲೆಯ ಆರೋಪ ಬರುವಂತಾದಾಗ, ಸಾವಿನಂಚಿನಲ್ಲಿರುವ ಅವಳು ಆ ಅಪವಾದವನ್ನು ತನ್ನ ಮೇಲೆ ಹೊರಿಸೆಂದು ಬೇಡುತ್ತಾಳೆ. ಅವನು ಒಪ್ಪುವುದಿಲ್ಲ. ಕೊನೆಗೆ ರೋಗ ಇಳಿಮುಖವಾಗುತ್ತದೆ. ಔಷಧೋಪಚಾರದಿಂದಲೋ, ಮಲ್ಡರ್ ತಂದ ನಿಗೂಢ ಸಾಧನದಿಂದಲೋ, ಅವಳು ಪಾದ್ರಿಯೊಡನೆ ಮಾಡಿದ ಪ್ರಾರ್ಥನೆಯಿಂದಲೋ ಎಂಬುದನ್ನು ಕಥೆಯು ತೀರ್ಮಾನಿಸದೆ ಬಿಡುತ್ತದೆ. ಆಂಡರ್ಸನ್ ಅವರಿಗೆ ಅದೇ ವರ್ಷ ಶ್ರೇಷ್ಠ ನಟಿಯೆಂದು ಎಮ್ಮಿ ಪ್ರಶಸ್ತಿ ಬಂದಿತು.

ಶಿಲುಬೆಯ ಪ್ರಸಂಗ ನನ್ನನ್ನು ವಿಶೇಷವಾಗಿ ಕಲಕಿದ್ದಕ್ಕೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ ನನಗೆ ಶಸ್ತ್ರಚಿಕಿತ್ಸೆಯಾಯಿತು. ಮೈಮೇಲೆ ದಾರವಾಗಲಿ ಲೋಹವಾಗಲಿ ಇರಕೂಡದೆಂದರು. ದೀಕ್ಷೆಯಾದಂದಿನಿಂದ ಅಗಲಿರದ ಇಷ್ಟಲಿಂಗವನ್ನು ಬಿಡುವುದೆಂತು? ಮನೆಯವರು ಔಷಧಿ ತರಲು ಹೋಗಿದ್ದ ಹೊತ್ತು. ಬಳಿಯಿದ್ದವಳು ನನ್ನ ಬಾಲ್ಯದ ಗೆಳತಿ. ವಿಜ್ಞಾನದ ಅಧ್ಯಾಪಕಿ, ಬೇರೆ ಸಮಾಜದವಳು, ಯಾವ ಪೂಜೆಯನ್ನೂ ಮಾಡದವಳು. ಈ ವಿಷಯದಲ್ಲಿ ನಾವು ವಾದಿಸಿದ ಸಂಜೆಗಳಿಗೆ ಲೆಕ್ಕವಿಲ್ಲ. ಅವಳು ಕೈಕಾಲು ತೊಳೆದು ಬಂದು, ಒಗೆದ ವಸ್ತ್ರದಲ್ಲಿ ಕರಡಿಗೆಯನ್ನು ಸುತ್ತಿ ಎದೆಗವಚಿಕೊಂಡು ಕುಳಿತಳು. ನಾಲ್ಕು ತಾಸು ಅದನ್ನು ಬೆಂಚಿನ ಮೇಲೂ ಇಡಲಿಲ್ಲವೆಂದು, ಕಾಫಿಗೂ ಏಳಲಿಲ್ಲವೆಂದು ಆಮೇಲೆ ಯಜಮಾನರು ಹೇಳಿದರು. ನನಗೆ ಎಚ್ಚರವಾದಾಗ, “ತಗೊಳ್ಳೇ, ನಿನ್ನದು ಜೋಪಾನವಾಗಿದೆ” ಎಂದಷ್ಟೇ ನುಡಿದಳು. ಅವಳ ವಿಚಾರ ಇಂದಿಗೂ ಬದಲಾಗಿಲ್ಲ. ನನ್ನ ನಿಷ್ಠೆಯೂ ಬದಲಾಗಿಲ್ಲ. ನಮ್ಮ ವಾದಗಳೂ ನಿಂತಿಲ್ಲ.

ಪ್ರಶ್ನಿಸುವವರನ್ನು ವೈರಿಗಳೆಂದು ಬಗೆಯುವುದು ಶರಣರ ದಾರಿಯಲ್ಲ. ಅಕ್ಕಮಹಾದೇವಿಯು ಕಲ್ಯಾಣಕ್ಕೆ ಬಂದಾಗ ಅಲ್ಲಮಪ್ರಭುಗಳು ಆಕೆಯನ್ನು ಎಷ್ಟು ಕಠಿಣವಾಗಿ ಪರೀಕ್ಷಿಸಿದರೆಂಬುದನ್ನು ಶೂನ್ಯಸಂಪಾದನೆ ವಿವರಿಸುತ್ತದೆ. ಆ ಪರೀಕ್ಷೆಯ ಕೊನೆಯಲ್ಲಿ ಆಕೆಗೆ ದೊರೆತದ್ದು ಗೌರವ. ಮಲ್ಡರನಿಗೂ ಸ್ಕಲಿಯ ಪ್ರಶ್ನೆಗಳೇ ಕಾವಲಾಗಿದ್ದವು. ಅವು ಇಲ್ಲದಿದ್ದರೆ ಕೇಳಿದ್ದನ್ನೆಲ್ಲ ನಂಬಿ ಅವನು ಎಂದೋ ದಾರಿ ತಪ್ಪುತ್ತಿದ್ದ.

ಇಂದು ನಮ್ಮ ಅನೇಕ ಮನೆಗಳಲ್ಲಿ ಪೂಜೆಗೆ ಕೂರುವ ತಂದೆ, ಪುರಾವೆ ಕೇಳುವ ಮಗ ಒಂದೇ ಸೂರಿನಡಿ ಮಾತು ಬಿಟ್ಟಿರುವುದನ್ನು ಕಾಣುತ್ತೇವೆ. ಹೀಗೆ ಮುನಿದು ಕುಳಿತವರು ನಾಳೆ ಕಷ್ಟ ಬಂದಾಗ ಯಾರ ಕೈ ಹಿಡಿಯಬೇಕು? ಮಗನ ಪ್ರಶ್ನೆಯನ್ನು ತಂದೆ ಸಮಾಧಾನದಿಂದ ಕೇಳಲಿ. ತಂದೆಗೆ ಪವಿತ್ರವಾದುದನ್ನು ಮಗ ಜೋಪಾನವಾಗಿ ಕಾಯಲಿ. ಇಷ್ಟಾದರೆ ಅಭಿಪ್ರಾಯಗಳು ಕೂಡದಿದ್ದರೂ ಮನೆ ಒಡೆಯುವುದಿಲ್ಲ.