ಗ್ರಾಮೊಫೋನು ಪ್ಲೇಟುಗಳ ಸಂರಕ್ಷಣೆ

ನಮ್ಮ ನಿಟ್ಟೆಯ ಮಳೆಗಾಲವು ಗ್ರಂಥಗಳಿಗೆ ಹೇಗೋ ಗ್ರಾಮೊಫೋನು ಪ್ಲೇಟುಗಳಿಗೂ ಹಾಗೆಯೇ ಹಗೆಯು. ತೀರ್ಥರೂಪರು ಕೂಡಿಟ್ಟುಹೋದ ಪ್ಲೇಟುಗಳಿಗೆ ಆಟಿ ತಿಂಗಳು ಕಳೆಯುವಷ್ಟರಲ್ಲಿ ಬೂಷ್ಟು ಹಿಡಿಯುವುದು. ನಮ್ಮ ಜಿಲ್ಲೆಯ ಆರೂರಿನಲ್ಲಿ 1914ರಲ್ಲಿ ಜನಿಸಿದ ಪಿ. ಕಾಳಿಂಗರಾಯರ ಕಂಠವು ಅವುಗಳಲ್ಲಿದೆ. ವೃದ್ಧರಾದ ನಮ್ಮ ತಾಯಿಯವರಿಗೆ ಸಂಜೆಯ ಹೊತ್ತಿಗೆ ಅದೇ ಬೇಕು.

ಹಳೆಯ ಪ್ಲೇಟು ಅರಗಿನದು. ನಿಮಿಷಕ್ಕೆ 78 ಸುತ್ತು ತಿರುಗಿ, ಸುಮಾರು ಮೂರು ನಿಮಿಷಗಳಲ್ಲಿ ಒಂದು ಮಗ್ಗುಲನ್ನು ಮುಗಿಸುವುದು. 1948ರಲ್ಲಿ ಬಂದ ವಿನೈಲ್ ಪ್ಲೇಟಾದರೋ 33⅓ ಸುತ್ತಿನದು. ಈ ಭೇದವನ್ನು ಗೃಹಸ್ಥರು ಮರೆಯಬಾರದು. ಯಾಕೆಂದರೆ ಸ್ಪಿರಿಟಿನಿಂದ ಒರಸಿದರೆ ಅರಗು ಕರಗುವುದು. ಮೆತ್ತನೆಯ ಬಟ್ಟೆಯೂ ಬಟ್ಟಿಯಿಳಿಸಿದ ನೀರೂ ಸಾಕು. ನಡುವಣ ಚೀಟಿಯು ಮಾತ್ರ ನೆನೆಯಬಾರದು. ಅರಗಿನ ಪ್ಲೇಟಿನ ಗೆರೆ ಅಗಲವಾದುದರಿಂದ ಅದಕ್ಕೆ ದಪ್ಪನೆಯ ಮುಳ್ಳೇ ಬೇಕು. ಪ್ಲೇಟುಗಳನ್ನು ಪೇರಿಸಿಡದೆ ನೆಟ್ಟಗೆ ನಿಲ್ಲಿಸಿಡತಕ್ಕದ್ದು.

ಮುಳ್ಳು ಓಡಿದಷ್ಟು ಸಲವೂ ಗೆರೆ ಸವೆಯುವುದಷ್ಟೆ. ಆದುದರಿಂದ ಒಂದೊಂದನ್ನೂ ತೊಳೆದು, ಒಮ್ಮೆ ನುಡಿಸಿ, ಕಂಪ್ಯೂಟರಿನಲ್ಲಿ ವೇವ್ ಕಡತವಾಗಿ ಪ್ರತಿ ತೆಗೆದು ಎರಡು ಕಡೆ ಇಟ್ಟಿದ್ದೇವೆ. ತಾಯಿಯವರು ಈಗ ಎಷ್ಟು ಸಲ ಬೇಕಾದರೂ ಕೇಳಬಹುದು.

“ಇನ್ನು ಈ ಹೊರೆ ಯಾಕೆ ಅಪ್ಪಾ?” ಎಂದು ಮಗನು ಕೇಳಿದನು. ನಾನು ಒಪ್ಪಲಿಲ್ಲ. ಮುಂದೆ ಇನ್ನೂ ಉತ್ತಮವಾದ ಯಂತ್ರ ಬಂದರೆ ಅದಕ್ಕೆ ಮೂಲವೇ ಬೇಕಲ್ಲವೇ? ಅಕ್ಕಿ ಎಷ್ಟಿದ್ದರೂ ಬೀಜದ ಭತ್ತವನ್ನು ಯಾರೂ ಕುಟ್ಟುವುದಿಲ್ಲ.