ಉರಿದರಷ್ಟೇ ಔಷಧಿಯೇ?

ಪ್ರೀತಿಯ ಗೆಳತಿಗೆ,

ನಿಮ್ಮ ಕಾಗದ ಕೈಸೇರಿತು. ಹಲಸಿನಕಾಯಿ ಹೆಚ್ಚುವಾಗ ಈಳಿಗೆಮಣೆ ಹೆಬ್ಬೆರಳಿಗೆ ತಾಗಿದ್ದು, ಗಾಬರಿಯಲ್ಲಿ ಸೆರಗನ್ನೇ ಸುತ್ತಿಕೊಂಡದ್ದು, ಆಮೇಲೆ ಐದು ದಿನ, ದಿನಕ್ಕೆ ಮೂರು ಸಲ, ನೀರು ಬೆರೆಸದ ಡೆಟಾಲನ್ನು ಸುರಿದುಕೊಂಡದ್ದು ಎಲ್ಲ ಓದಿದೆ. “ಚೆನ್ನಾಗಿಯೇ ಉರಿಯಿತು, ಆದರೂ ಗಾಯ ಮಾಯುತ್ತಿಲ್ಲ; ಸುತ್ತಲಿನ ಚರ್ಮ ಬೆಳ್ಳಗಾಗಿ ಸುಲಿಯುತ್ತಿದೆ, ಯಾಕೆ?” ಎಂದು ಕೇಳಿದ್ದೀರಿ. ಉತ್ತರ ನಿಮ್ಮ ಪ್ರಶ್ನೆಯೊಳಗೇ ಕೂತಿದೆ: ಅಷ್ಟು ಚೆನ್ನಾಗಿ ಉರಿಸಿದ್ದೇ ತಪ್ಪಾಯಿತು.

ಉರಿದರೆ ಔಷಧಿ ನಾಟಿತು ಎಂಬ ನಂಬಿಕೆ ನಮ್ಮ ತಲೆಮಾರಿಗೆ ಟಿಂಚರಿನಿಂದ ಬಂತು. ಶಾಲೆಯ ಮೈದಾನದಲ್ಲಿ ಬಿದ್ದು ಮಂಡಿ ತರಚಿಕೊಂಡರೆ ಕಂಪೌಂಡರು ಹತ್ತಿಯನ್ನು ಟಿಂಚರಿನಲ್ಲಿ ಅದ್ದಿ ಒತ್ತುತ್ತಿದ್ದರು. ಜೀವ ಹೋಗಿ ಬಂದಂತಾಗುತ್ತಿತ್ತು. ಪಕ್ಕದಲ್ಲಿ ನಿಂತ ಅಕ್ಕ “ಉಫ್, ಉಫ್” ಎಂದು ಊದುತ್ತಿದ್ದಳು. ಟಿಂಚರ್ ಎಂದರೆ ಸ್ಪಿರಿಟ್ಟಿನಲ್ಲಿ ಕರಗಿಸಿದ ಅಯೋಡಿನ್. ಅದು ಕ್ರಿಮಿಗಳ ಜೊತೆ ನಮ್ಮ ಎಳೆಯ ಮಾಂಸವನ್ನೂ ಸುಡುತ್ತಿತ್ತು. ಇನ್ನು ಅಕ್ಕ ಪ್ರೀತಿಯಿಂದ ಊದುತ್ತಿದ್ದದ್ದು ಬಾಯೊಳಗಿನ ಕ್ರಿಮಿಗಳನ್ನು!

ಈಗ ಔಷಧಿ ಅಂಗಡಿಯಲ್ಲಿ ಸಿಗುವ ಕಂದು ಬಣ್ಣದ ದ್ರಾವಣ, ಬೆಟಾಡಿನ್ ಮುಂತಾದ ಹೆಸರಿನದು, ಅದೇ ಅಯೋಡಿನ್ನಿನ ಸಾಧು ರೂಪ. 1955ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಅಯೋಡಿನ್ನನ್ನು ಪೊವಿಡೋನ್ ಎಂಬ ವಸ್ತುವಿಗೆ ಕಟ್ಟಿಹಾಕುವ ಉಪಾಯ ಸಿಕ್ಕಿತು. ತೋಟಕ್ಕೆ ಹನಿ ನೀರು ಬಿಟ್ಟಂತೆ ಇದರಿಂದ ಅಯೋಡಿನ್ ಸ್ವಲ್ಪಸ್ವಲ್ಪವೇ ಹೊರಬರುತ್ತದೆ. ಶೇ. 10ರ ಬಾಟಲಿಯಲ್ಲಿ ಕೆಲಸಕ್ಕೆ ಒದಗುವ ಅಯೋಡಿನ್ ಶೇ. 1ರಷ್ಟೇ. ಹೆಚ್ಚು ಉರಿಯುವುದಿಲ್ಲ, ಕೆಲಸ ಮಾತ್ರ ಆಗುತ್ತದೆ.

ಆದರೆ ಇದಕ್ಕೂ ಒಂದು ದೌರ್ಬಲ್ಯವಿದೆ. ಮೊನ್ನೆ ಬಾಟಲಿ ತೆರೆಯುವಾಗ ಒಂದು ಹನಿ ನನ್ನ ಗಂಜಿ ಹಾಕಿದ ಕಾಟನ್ ಸೀರೆಯ ಮೇಲೆ ಬಿತ್ತು. ನೋಡನೋಡುತ್ತಿದ್ದಂತೆ ಕಂದು ಹನಿ ಕಡುನೀಲಿಯಾಯಿತು. ಅನ್ನದ ಗಂಜಿ ಅಯೋಡಿನ್ನನ್ನು ಹಿಡಿದುಕೊಂಡಿತ್ತು. ಗಾಯದ ಮೇಲಿನ ರಕ್ತ, ಕೀವು, ಮಣ್ಣು ಕೂಡ ಹೀಗೇ ಅಯೋಡಿನ್ನನ್ನು ನುಂಗಿ ಮುಗಿಸುತ್ತವೆ. ಆಗ ಕಂದು ಬಣ್ಣ ಮಾಸುತ್ತದೆ. ಕೊಳೆಯ ಮೇಲೆ ಔಷಧಿ ಸುರಿದರೆ ಅದು ಕೊಳೆಗೇ ಖರ್ಚಾಗುತ್ತದೆ. ಹಾಗಾಗಿ ಗಾಯದ ಮೊದಲ ಔಷಧಿ ನಲ್ಲಿಯ ನೀರು.

ಮೊದಲು ಕೈಯನ್ನು ಸೋಪಿನಲ್ಲಿ ತೊಳೆದುಕೊಳ್ಳಿ. ರಕ್ತ ಸುರಿಯುತ್ತಿದ್ದರೆ ಶುಭ್ರ ಬಟ್ಟೆಯಿಂದ ಹತ್ತು ನಿಮಿಷ ಒತ್ತಿ ಹಿಡಿಯಿರಿ. ನಿಂತಿತೇ ಎಂದು ನಡುನಡುವೆ ಎತ್ತಿ ನೋಡಬೇಡಿ. ಆಮೇಲೆ ಕುಡಿಯಲು ಯೋಗ್ಯವಾದ ನೀರನ್ನು ಗಾಯದ ಮೇಲೆ ಧಾರಾಳವಾಗಿ ಹರಿಯಬಿಡಿ. ಸೋಪು ಸುತ್ತಲಿನ ಚರ್ಮಕ್ಕಷ್ಟೇ ಇರಲಿ. ಒತ್ತಿ ಒರೆಸಿ, ಗಾಜ್ ಬಟ್ಟೆಗೆ ಔಷಧಿ ತಾಗಿಸಿ ಒಳಗಿನಿಂದ ಹೊರಗೆ ತೆಳ್ಳಗೆ ಸವರಿ. ಹತ್ತಿಯಾದರೆ ಎಳೆಗಳು ಅಂಟಿಕೊಳ್ಳುತ್ತವೆ. ಎರಡು ನಿಮಿಷ ಆರಲು ಬಿಟ್ಟು ಮೇಲೆ ಒಣ ಗಾಜ್ ಕಟ್ಟಿ. ಒದ್ದೆ ಔಷಧಿಯನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿದರೆ ಚರ್ಮ ಬೆಂದುಹೋದೀತು. ಬಾಟಲಿಯ ಬಾಯಿಯನ್ನು ಗಾಯಕ್ಕೆ ತಾಗಿಸಬೇಡಿ. ‘ಸ್ಕ್ರಬ್’ ಎಂದು ಬರೆದ ನೊರೆ ಬರುವ ಬಾಟಲಿ ತೆರೆದ ಗಾಯಕ್ಕಲ್ಲ. ಡೆಟಾಲ್ ಬಳಸುವುದಾದರೆ ಎಷ್ಟು ನೀರು ಬೆರೆಸಬೇಕೆಂದು ಅದರ ಮೇಲೇ ಬರೆದಿರುತ್ತದೆ. ಒಂದರ ಮೇಲೊಂದು ಔಷಧಿ ಸುರಿಯುವುದಂತೂ ಬೇಡವೇ ಬೇಡ.

ಥೈರಾಯ್ಡ್ ತೊಂದರೆ ಇರುವವರು, ಬಸುರಿ ಬಾಣಂತಿಯರು ಅಯೋಡಿನ್ ಔಷಧಿಯನ್ನು ವೈದ್ಯರನ್ನು ಕೇಳಿಯೇ ಬಳಸಬೇಕು. ಹಸುಗೂಸುಗಳಿಗೂ ಅದೇ ಮಾತು. ಅಯೋಡಿನ್ ಒಗ್ಗದವರು ಮುಟ್ಟಲೇಬಾರದು. ನಾಯಿ ಕಚ್ಚಿದರೆ ಸೋಪು ನೀರಿನಲ್ಲಿ 15 ನಿಮಿಷ ತೊಳೆದು, ಅಯೋಡಿನ್ ಹಚ್ಚಿ, ಲಸಿಕೆಗೆ ಅಂದೇ ಹೊರಡಬೇಕು. ಅರಿಶಿನ, ಮೆಣಸಿನಪುಡಿ, ಸುಣ್ಣ ಯಾವುದೂ ಬೇಡ.

ನಿಮ್ಮ ಹೆಬ್ಬೆರಳಿಗೆ ಈಗ ಬೇಕಾದದ್ದು ವಿಶ್ರಾಂತಿ. ಕ್ರಿಮಿ ಯಾವುದು, ಹೊಸದಾಗಿ ಮೂಡುತ್ತಿರುವ ನಿಮ್ಮದೇ ಜೀವಕೋಶ ಯಾವುದು ಎಂದು ಈ ಔಷಧಿಗಳಿಗೆ ಗೊತ್ತಾಗುವುದಿಲ್ಲ. ಮೊದಲ ದಿನದ ಕ್ರಿಮಿ ಹೋದ ಮೇಲೂ ನೀವು ಸುರಿಯುತ್ತಲೇ ಹೋದರೆ ಅದು ಚಿಗುರನ್ನೇ ಚಿವುಟುತ್ತದೆ. ಡೆಟಾಲ್ ನಿಲ್ಲಿಸಿ, ದಿನಕ್ಕೊಮ್ಮೆ ನೀರಿನಲ್ಲಿ ತೊಳೆದು ಒಣ ಗಾಜ್ ಕಟ್ಟಿ. ಕೆಂಪು ಹರಡಿದರೆ, ಕೀವು ಅಥವಾ ಜ್ವರ ಬಂದರೆ, ಎರಡು ಮೂರು ದಿನದಲ್ಲಿ ಗುಣ ಕಾಣದಿದ್ದರೆ ವೈದ್ಯರಿಗೆ ತೋರಿಸಿ. ಟಿಟಿ ಚುಚ್ಚುಮದ್ದು ಯಾವಾಗ ಹಾಕಿಸಿಕೊಂಡದ್ದು ಎಂದೂ ನೆನಪು ಮಾಡಿಕೊಳ್ಳಿ.

ಆದರೆ ನಿಮ್ಮ ಕಾಗದದಲ್ಲಿ ನನ್ನನ್ನು ಬೆಚ್ಚಿಸಿದ್ದು ಕೊನೆಯ ಎರಡು ಸಾಲು. ಯಜಮಾನರ ಅಂಗಾಲಿಗೆ ವಾರದ ಹಿಂದೆ ಮುಳ್ಳು ಚುಚ್ಚಿದೆ, ಅದೇ ಡೆಟಾಲ್ ಹಾಕಿದರೂ ಅವರಿಗೆ ಉರಿಯಲೇ ಇಲ್ಲ, “ಹಾಗಾದರೆ ಏನೂ ಆಗಿಲ್ಲ ಬಿಡು” ಅಂದರು ಎಂದು ಬರೆದಿದ್ದೀರಿ. ಅವರಿಗೆ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ ಅಲ್ಲವೇ? ಸಕ್ಕರೆ ಕಾಯಿಲೆ ಪಾದದ ನರಗಳನ್ನು ಮಂಕಾಗಿಸುತ್ತದೆ. ಗಾಯ ಒಳಗೊಳಗೇ ಆಳವಾದರೂ ನೋವಿನ ಸುದ್ದಿ ಮೇಲೆ ಬರುವುದಿಲ್ಲ. ಉರಿಯನ್ನು ನಂಬಿ ನೀವು ಕೆಟ್ಟಿರಿ. ಉರಿ ಇಲ್ಲದ್ದನ್ನು ನಂಬಿ ಅವರು ಕೂತಿದ್ದಾರೆ. ಈ ಕಾಗದ ಮಡಿಸಿಟ್ಟು ಅವರನ್ನು ಈಗಲೇ ಆಸ್ಪತ್ರೆಗೆ ಹೊರಡಿಸಿ. ನಿಮ್ಮ ಹೆಬ್ಬೆರಳು ಎರಡು ದಿನ ಕಾದೀತು, ಅವರ ಅಂಗಾಲು ಕಾಯುವುದಿಲ್ಲ.

ಹೋಗಿ ಬಂದ ಮೇಲೆ ಒಂದು ಸಾಲು ಬರೆಯಿರಿ.

ಪ್ರೀತಿಯಿಂದ,
ನಿಮ್ಮ ಗೆಳತಿ

ತಾ.ಕ.: ಸೆರಗಿನ ರಕ್ತದ ಕಲೆಗೆ ತಣ್ಣೀರೇ ಇರಲಿ. ಬಿಸಿನೀರು ಹಾಕಿದರೆ ಕಲೆ ಕೂತುಬಿಡುತ್ತದೆ.